ಅಲ್ ಕುಸೈಸಿನಲ್ಲಿ ನಲವತ್ತು ಜೊತೆ ಚಪ್ಪಲಿ

ದುಬೈನ ಅಲ್ ಕುಸೈಸಿನ ನಮ್ಮ ಕಟ್ಟಡದಲ್ಲಿ ಯಾರ ಮನೆ ಯಾವುದು ಎಂದು ತಿಳಿಯಲು ಬಾಗಿಲಿನ ನಂಬರು ನೋಡಬೇಕಾಗಿರಲಿಲ್ಲ. ಬಾಗಿಲ ಹೊರಗಿನ ಚಪ್ಪಲಿ ನೋಡಿದರೆ ಸಾಕಿತ್ತು. ಲಿಫ್ಟಿನ ಪಕ್ಕದ ಮನೆಯವರು ಮೂರು ಅಂತಸ್ತಿನ ಸ್ಟ್ಯಾಂಡು ಇಟ್ಟು ಅದಕ್ಕೊಂದು ಹೂವಿನ ಪರದೆ ಹಾಕಿದ್ದರು. ಅಂದರೆ ಕೈ ತುಂಬ ಸಂಬಳ. ಎದುರು ಮನೆಯವರದು ಎರಡೇ ಜೊತೆ, ಅದೂ ಗೋಡೆಗೆ ಒರಗಿ ನಿಂತವು. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ನಮ್ಮ ಬಾಗಿಲಲ್ಲಿ ಸ್ಟ್ಯಾಂಡೂ ಇಲ್ಲ, ಪರದೆಯೂ ಇಲ್ಲ. ಎಡಗಾಲಿನದು ಮೆಟ್ಟಿಲ ಕಡೆ, ಬಲಗಾಲಿನದು ಬಾಗಿಲ ಕಡೆ. ನಾನು ಎಷ್ಟು ಕೂಗಾಡಿದರೂ ನನ್ನ ಗಂಡ ಚಪ್ಪಲಿಯನ್ನು ಜೋಡಿಸಿಟ್ಟ ದಿನವಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಅಲ್ಲಿಗೆ ಹೋದಾಗ ಅದು ದುಬೈನ ಹೊರಗೇ ಇದ್ದಂತಿತ್ತು. ಅದಕ್ಕೂ ಮುಂಚೆ ನಾಲ್ಕು ವರ್ಷ ದುಬೈ ನಡುವಿನ ಕರಾಮಾದಲ್ಲಿ ಒಂದು ಫ್ಲ್ಯಾಟಿನ ಒಂದು ಕೋಣೆಯಲ್ಲಿ ಇದ್ದೆವು. ಮೂರು ಸಂಸಾರ, ಒಂದು ಅಡುಗೆಮನೆ, ಒಂದು ಬಚ್ಚಲು. ಫ್ರಿಜ್ಜಿನ ಮೂರು ತಟ್ಟೆ ಮೂರು ಮನೆಗೆ. ನನ್ನ ತಟ್ಟೆಯ ಮೊಸರು ಪಕ್ಕದವಳ ತಟ್ಟೆಗೆ ಚೆಲ್ಲಿದ್ದಕ್ಕೆ ನಾವಿಬ್ಬರೂ ಹನ್ನೊಂದು ದಿನ ಮಾತು ಬಿಟ್ಟಿದ್ದೆವು. ಸಿಟ್ಟು ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಇರುತ್ತದೆ. ಹನ್ನೆರಡನೆಯ ದಿನ ಆಕೆಯೇ ಉಪ್ಪಿನಕಾಯಿ ತಂದುಕೊಟ್ಟಳು. ನಾನಾಗಿ ಹೋಗಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ನನ್ನ ಗಂಡ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದರು. ಗೋಡೆಯದಲ್ಲ, ಕಿಟಕಿಯದಲ್ಲ, ಛಾವಣಿಯ ಒಳಗೆ ಓಡುವ ಏರ್ ಕಂಡಿಷನ್ ಕೊಳವೆಗಳ ನಕ್ಷೆ. ಊರಲ್ಲಿ ನಮ್ಮ ಮಾವನವರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗಿತ್ತು. "ಅಂದ್ರ ನನ್ನ ಮಗ ಗಾಳಿ ಎಲ್ಲಿ ಹೋಗಬೇಕು ಅಂತ ಹೇಳ್ತಾನ?" ಎಂದು ಅವರು ಕೇಳಿದರು. ಹೌದು ಎಂದೆ. ಅವರಿಗೆ ಬಹಳ ಸಮಾಧಾನವಾಯಿತು.

ಮಗಳಿಗೆ ಐದು ತುಂಬಿದಾಗ ಸಂಬಳ ಸ್ವಲ್ಪ ಏರಿತು. ಕುಸೈಸಿನಲ್ಲಿ ಇಂಡಿಯನ್ ಸ್ಕೂಲುಗಳಿದ್ದವು. ಎರಡು ಮಲಗುವ ಕೋಣೆ, ಒಂದು ಹಾಲು, ಬಟ್ಟೆ ಒಣಹಾಕಬಾರದೆಂಬ ಷರತ್ತಿನ ಒಂದು ಬಾಲ್ಕನಿ. ಕರಾಮಾದ ನಮ್ಮ ಕಡೆಯವರೆಲ್ಲ, "ಅಷ್ಟು ದೂರಾನ? ಅಲ್ಲೇನೈತ್ರೀ, ಉಸುಕು ಐತಿ," ಎಂದರು. ಉಸುಕು ಇದ್ದದ್ದು ನಿಜ. ಬೆಳಿಗ್ಗೆ ಕಿಟಕಿಯ ಸಂದಿಯಲ್ಲಿ ಒದ್ದೆ ಬಟ್ಟೆ ತುರುಕಿದರೂ ಸಂಜೆಗೆ ಟಿವಿಯ ಮೇಲೆ ಬೆರಳಲ್ಲಿ ಅಕ್ಷರ ಬರೆಯಬಹುದಿತ್ತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಖಾಲಿ ನೆಲ, ಅದರಾಚೆ ಮುಹೈಸ್ನಾದ ಲೇಬರ್ ಕ್ಯಾಂಪುಗಳು. ಎಲ್ಲರೂ ಅದನ್ನು ಸೋನಾಪುರ ಎನ್ನುತ್ತಿದ್ದರು. ಬೆಳಿಗ್ಗೆ ನಮ್ಮ ಮಕ್ಕಳ ಸ್ಕೂಲ್ ಬಸ್ಸು ಬರುವ ಮೊದಲೇ ಅಲ್ಲಿಂದ ಕೆಲಸಗಾರರ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು. ನಾವು ತಾಯಂದಿರು ನೈಟಿಯ ಮೇಲೆ ದುಪಟ್ಟಾ ಹೊದ್ದು ಕಟ್ಟಡದ ಕೆಳಗೆ ನಿಂತು ಅವನ್ನು ನೋಡುತ್ತಿದ್ದೆವು, ಮತ್ತು ನಮ್ಮ ಪಾಡು ಎಷ್ಟೋ ವಾಸಿ ಎಂದು ಬಾಯಿಬಿಟ್ಟು ಹೇಳದೆ ಅಂದುಕೊಳ್ಳುತ್ತಿದ್ದೆವು.

ನನಗಂತೂ ಆ ಮನೆ ಅರಮನೆ. ಮೊದಲ ವಾರ ಸುಮ್ಮನೆ ಬಾಗಿಲು ಹಾಕುವುದು, ತೆಗೆಯುವುದು. ಸ್ವಂತ ಬಾಗಿಲು! ಬಚ್ಚಲಿಗೆ ಹೋಗಲು ಯಾರ ಸರದಿಯನ್ನೂ ಕಾಯಬೇಕಿಲ್ಲ. ಕಂತಿನ ಮೇಲೆ ಕಂದು ಬಣ್ಣದ ಸೋಫಾ ಬಂತು. ಅದರ ಪ್ಲಾಸ್ಟಿಕ್ ಕವರನ್ನು ಎರಡು ವರ್ಷ ತೆಗೆಯಲಿಲ್ಲ. ಸೆಕೆಗೆ ಕೂತವರ ತೊಡೆ ಅಂಟಿಕೊಂಡು ಏಳುವಾಗ ಚರ್‍ರೆಂದು ಸದ್ದಾಗುತ್ತಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಕಾಲು ಮಾತ್ರ ಒಂದು ಕೋಣೆಯಷ್ಟು ಹೊರಗೇ ಹೋಗಿತ್ತು. ಆದ್ದರಿಂದ ಕುಸೈಸಿನ ಅರ್ಧ ಮಂದಿ ಮಾಡುತ್ತಿದ್ದುದನ್ನೇ ನಾವೂ ಮಾಡಿದೆವು: ಎರಡನೆಯ ಕೋಣೆಯನ್ನು ಇನ್ನೊಬ್ಬರಿಗೆ ಕೊಟ್ಟೆವು. ಮನೆಯ ಕರಾರಿನಲ್ಲಿ ಸಂಸಾರ ಮಾತ್ರ ಇರತಕ್ಕದ್ದು, ಬೇರೆ ಯಾರಿಗೂ ಕೊಡತಕ್ಕದ್ದಲ್ಲ ಎಂದು ದಪ್ಪ ಅಕ್ಷರದಲ್ಲಿತ್ತು. ಅದನ್ನು ಓದಿ ಸಹಿ ಹಾಕಿಯೇ ಕೊಟ್ಟೆವು.

ಬಂದವಳು ಉಡುಪಿ ಕಡೆಯ ಹುಡುಗಿ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ನಮ್ಮಿಂದ ಎರಡು ಬೀದಿಯಾಚೆ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸು. ಬೆಳಿಗ್ಗೆ ಒಂಬತ್ತರಿಂದ ಒಂದು, ಮತ್ತೆ ಸಂಜೆ ಐದರಿಂದ ಒಂಬತ್ತು. ನಡುವಿನ ನಾಲ್ಕು ತಾಸು ಮನೆಯಲ್ಲಿ. ಬಂದ ದಿನವೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕ, ನಾನು ಮೀನು ತಿಂತೇನೆ. ನಿಮಗೆ ಎಂತ ತೊಂದರೆ ಉಂಟು ಹೇಳಿ, ಈಗಲೇ ಮಾತಾಡಿ ಮುಗಿಸುವ," ಎಂದಳು. ನಾವು ಗದಗ ಕಡೆಯವರು, ಮೊಟ್ಟೆಯನ್ನೂ ಮನೆಗೆ ತಂದವರಲ್ಲ. ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ವಾರದಲ್ಲಿ ಎರಡು ದಿನ, ಅವಳದೇ ಪಾತ್ರೆ, ಅವಳದೇ ಸೌಟು, ಬಾಲ್ಕನಿಯ ಬಾಗಿಲು ತೆರೆದು, ನಾನು ಮಲಗಿರುವ ಹೊತ್ತಿನಲ್ಲಿ ಎಂದು ಒಪ್ಪಂದವಾಯಿತು. ಮೂರನೆಯ ತಿಂಗಳಲ್ಲಿ ನಾನೇ, "ತಂಗೀ, ಆ ಮಸಾಲಿಗೆ ಏನೇನು ಹಾಕ್ತೀ? ಮೀನು ಬಿಟ್ಟು ಬದನಿಕಾಯಿ ಹಾಕಿದ್ರ ಹೆಂಗಿರ್ತೈತಿ?" ಎಂದು ಕೇಳಿದೆ. ಚೆನ್ನಾಗಿಯೇ ಇತ್ತು.

ಮಗಳು ಸ್ಕೂಲಿಂದ ಬರುವುದು ಎರಡು ಗಂಟೆಗೆ. ಬ್ಯಾಗು ಒಂದು ಕಡೆ, ಬೂಟು ಒಂದು ಕಡೆ ಎಸೆದು ಆಂಟಿಯ ಕೋಣೆಗೆ ಓಡುತ್ತಿದ್ದಳು. ಜಡೆ ಹಾಕಿಸಿಕೊಳ್ಳುವುದು, ಕನ್ನಡಿಯ ಮುಂದೆ ಹಲ್ಲು ಎಣಿಸುವುದು, ತುಳುವಿನಲ್ಲಿ ಒಂದರಿಂದ ಹತ್ತು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಆ ಹುಡುಗಿ ಅವಳ ಹತ್ತಿರ ಮಾತ್ರ "ಎಂತ ಮಾರಾಯ್ರೆ" ಎನ್ನುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು, ಆದರೆ ಆ ಹೊತ್ತಿನಲ್ಲಿ ನಾನು ಒಂದು ನಿದ್ದೆ ತೆಗೆಯುತ್ತಿದ್ದೆನಾದ್ದರಿಂದ ಸುಮ್ಮನಿದ್ದೆ. ಜ್ವರ ಬಂದಾಗ ಮಗಳು ಅಮ್ಮನನ್ನು ಬಿಟ್ಟು ಆಂಟಿಯ ತೊಡೆಯ ಮೇಲೆ ಮಲಗಿದ್ದೂ ಇದೆ. ಹೀಗೆ ಒಂದೂವರೆ ವರ್ಷವಾಯಿತು. ಯಾವಾಗ ಅವಳು ಬಾಡಿಗೆಯವಳಾಗಿರುವುದು ಬಿಟ್ಟು ಮನೆಯವಳಾದಳೋ ನನಗೆ ಗೊತ್ತಿಲ್ಲ.

ಈಗ ಚಪ್ಪಲಿಯ ಕಥೆಗೆ ಬರುತ್ತೇನೆ.

ದೊಡ್ಡ ಮನೆ ಮಾಡಿ ಇಷ್ಟು ದಿನವಾದರೂ ನಮ್ಮ ಕಡೆಯವರನ್ನೆಲ್ಲ ಒಟ್ಟಿಗೆ ಕರೆದು ಊಟ ಹಾಕಿರಲಿಲ್ಲ. ಯಾರೋ ಒಬ್ಬಾಕೆ ನನ್ನ ಕಿವಿಗೆ ಬೀಳುವ ಹಾಗೆ, "ಎರಡು ಬೆಡ್‌ರೂಮಿನ ಮನಿ ಅಂತ, ಒಳಗ ಹೆಂಗೈತೋ ಯಾರು ಕಂಡಾರ," ಎಂದಿದ್ದಳು. ಅಷ್ಟು ಸಾಕಾಯಿತು. ಮುಂದಿನ ಶುಕ್ರವಾರಕ್ಕೆ ಹದಿನಾಲ್ಕು ಮನೆಗೆ ಫೋನು ಮಾಡಿದೆ. ಗುರುವಾರ ಮಧ್ಯಾಹ್ನದಿಂದ ರೊಟ್ಟಿ ಬಡಿಯಲು ಕೂತೆ. ನರ್ಸು ಹುಡುಗಿ ಪಕ್ಕದಲ್ಲಿ ಕೂತು ಬದನೆಕಾಯಿಗೆ ಮಸಾಲೆ ತುಂಬಿದಳು. "ಅಕ್ಕ, ಕೆಳಗಿನ ಮನೆಯವರು ಇವತ್ತು ಮೇಲೆ ಬರ್ತಾರೆ ನೋಡಿ, ಎಂತ ಒಡೀತಿದ್ದಾರೆ ಅಂತ ಕೇಳ್ಲಿಕ್ಕೆ," ಎನ್ನುತ್ತಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಜುಣಕ, ಗೋಧಿ ಹುಗ್ಗಿ. ಕುಸೈಸಿನ ಉಸುಕಿನಲ್ಲಿ ಜೋಳದ ಹಿಟ್ಟು ಒದಗಿಸಿದ್ದು ಹೇಗೆಂದು ಕೇಳಬೇಡಿ. ಆ ವರ್ಷ ಊರಿಂದ ಬಂದವರ ಸೂಟ್‌ಕೇಸಿನಲ್ಲೆಲ್ಲ ನನ್ನ ಹಿಟ್ಟೇ ಇತ್ತು.

ಮಂದಿ ಬಂದರು. ಬಂದವರೆಲ್ಲ ಹೊರಗೆ ಚಪ್ಪಲಿ ಬಿಟ್ಟರು. ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಾಗಿಲ ಮುಂದೆ ಕಾಲು ಎತ್ತಿದರೆಂದರೆ ಚಪ್ಪಲಿ ತಾನೇ ಕಳಚಿ ಬೀಳುತ್ತದೆ. ನಮ್ಮ ಬಾಗಿಲಲ್ಲಿ ಜಾಗ ಮುಗಿಯಿತು, ಎದುರು ಮನೆಯ ಬಾಗಿಲಿಗೆ ಹೋಯಿತು, ಲಿಫ್ಟಿನವರೆಗೆ ಹೋಯಿತು, ಅಲ್ಲಿಂದ ಮೆಟ್ಟಿಲು ಇಳಿಯಿತು. ನೀರಿನ ಕ್ಯಾನು ಒಳಗೆ ತರಲು ಬಾಗಿಲು ತೆರೆದಾಗ ನಾನು ನಿಂತು ನೋಡಿದೆ. ಬೂಟು, ಹೈಹೀಲು, ಕೊಲ್ಹಾಪುರಿ, ಮಕ್ಕಳ ಪೀಪಿ ಚಪ್ಪಲಿ. ಬೆರಳಿಟ್ಟು ಎಣಿಸಿದೆ, ನಲವತ್ತರವರೆಗೆ ಎಣಿಸಿ ಲೆಕ್ಕ ತಪ್ಪಿತು. ನನ್ನ ಬಾಗಿಲಿಗೆ ಇಷ್ಟು ಮಂದಿ! ಆ ಹೊತ್ತಿನಲ್ಲಿ ನನ್ನಷ್ಟು ಜಂಬದ ಹೆಂಗಸು ದುಬೈಯಲ್ಲಿ ಇನ್ನೊಬ್ಬಳು ಇದ್ದಿರಲಾರಳು.

ನಾನು ಒಳಗೆ ಹೋಗಿ ಹುಗ್ಗಿಗೆ ತುಪ್ಪ ಹಾಕುತ್ತಿದ್ದಾಗಲೇ, ಮಧ್ಯಾಹ್ನದ ನಮಾಜು ಮುಗಿಸಿ ಕಟ್ಟಡದ ಯಜಮಾನರು ಮೇಲಿನ ನೀರಿನ ಟ್ಯಾಂಕು ನೋಡಲೆಂದು ಬಂದಿದ್ದರಂತೆ. ಲಿಫ್ಟಿನ ಬಾಗಿಲು ನಮ್ಮ ಮಹಡಿಯಲ್ಲಿ ತೆರೆಯಿತು. ಅವರು ಹೊರಗೆ ಕಾಲಿಡಲು ಜಾಗವಿರಲಿಲ್ಲ. ಒಂದು ನಿಮಿಷ ನೋಡಿದರು, ಬಾಗಿಲು ತಟ್ಟಲಿಲ್ಲ, ಹಾಗೆಯೇ ಕೆಳಗಿಳಿದು ಹೋದರು. ಇದನ್ನೆಲ್ಲ ಮರುದಿನ ಕಟ್ಟಡದ ಕಾವಲುಗಾರ ಹೇಳಿದ.

ಹೇಳಿದ್ದು ಮಾತ್ರವಲ್ಲ, ಒಂದು ಕಾಗದವನ್ನೂ ಕೊಟ್ಟ. ನಿಮ್ಮ ಮನೆಯಲ್ಲಿ ಅನೇಕರು ವಾಸವಾಗಿರುವುದು ಗಮನಕ್ಕೆ ಬಂದಿದೆ, ಬುಧವಾರ ಸಂಜೆ ನಮ್ಮ ಕಚೇರಿಯವರು ಬಂದು ನೋಡುತ್ತಾರೆ, ಸಂಸಾರದವರನ್ನು ಬಿಟ್ಟು ಬೇರೆಯವರು ಇದ್ದಲ್ಲಿ ಕರಾರನ್ನು ಮುಂದುವರಿಸಲಾಗುವುದಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಅರಬ್ಬಿಯಲ್ಲಿ ನಾಲ್ಕು ಸಾಲು, ಕೆಳಗೆ ನೀಲಿ ಮುದ್ರೆ. ಬಾಗಿಲ ಚಿಲಕ ಹಾಕಿ ಅದನ್ನು ಮೂರು ಸಲ ಓದಿದೆ.

ಯಾಕೆ ಎಂದು ಹೇಳಬೇಕು. ಕರಾರು ಮುಗಿಯುವುದು ಆ ತಿಂಗಳ ಕೊನೆಗೆ. ನನ್ನ ಮತ್ತು ಮಗಳ ವೀಸಾ ಮುಗಿಯುವುದು ಅದರ ಮುಂದಿನ ತಿಂಗಳು. ಗಂಡನ ಹೆಸರಿನಲ್ಲಿ ಮನೆಯ ಕರಾರು ಇದ್ದರೆ ಮಾತ್ರ ಹೆಂಡತಿ ಮಕ್ಕಳ ವೀಸಾ. ಮನೆ ಹೋದರೆ ವೀಸಾ ಹೋಯಿತು. ವೀಸಾ ಹೋದರೆ ನಾನೂ ಮಗಳೂ ಊರಿಗೆ, ಇವರು ಯಾವುದೋ ಫ್ಲ್ಯಾಟಿನಲ್ಲಿ ಒಂದು ಮಂಚಕ್ಕೆ. ನಮ್ಮ ಪರಿಚಯದಲ್ಲೇ ಹಾಗೆ ಆದವರು ಮೂರು ಮನೆಯವರಿದ್ದರು. ಒಂದು ವರ್ಷಕ್ಕೆಂದು ಕಳಿಸುತ್ತಿದ್ದರು. ಆಮೇಲೆ ಮಗು ಅಲ್ಲಿಯ ಸ್ಕೂಲಿಗೆ ಹೊಂದಿಕೊಂಡಿದೆ ಎನ್ನುತ್ತಿದ್ದರು. ಆಮೇಲೆ ಅಪ್ಪ ಎಂದರೆ ರಜೆಗೆ ಚಾಕಲೇಟು ತರುವವನು ಎಂದಾಗುತ್ತಿತ್ತು. ನನಗೆ ಬೇರೆ ಯಾವ ಭಯವೂ ಇರಲಿಲ್ಲ, ಅದೊಂದೇ.

ನನ್ನ ಗಂಡನಿಗೆ ಯಾವುದಕ್ಕೂ ಗಾಬರಿಯಾಗುವ ಅಭ್ಯಾಸವಿಲ್ಲ. ಚಹಾ ಕುಡಿಯುತ್ತ, "ಅವ್ರು ಬರೂದು ಬುಧವಾರ ಸಂಜಿಗೆ. ಆಕಿ ಆವಾಗ ಡ್ಯೂಟಿಗೆ ಹೋಗಿರ್ತಾಳ. ಆಕಿ ಸಾಮಾನು ಒಂದ್ ದಿನ ಮಂಚದ ಕೆಳಗ ತಳ್ಳಿ, ಕೋಲಿ ಮಗಳದು ಅಂತ ತೋರಿಸಿದ್ರ ಆತು," ಎಂದರು.

"ಆಮ್ಯಾಲ? ಗುರುವಾರ ಮತ್ತ ಬಂದ್ರ?"

"ಯಾಕ ಬರ್ತಾರ? ಅವ್ರಿಗೇನ ಬ್ಯಾರೆ ಕೆಲಸಿಲ್ಲನ?"

"ಕಾವಲಿನಾಂವ ಹೇಳಿದ್ರ? ಎದುರು ಮನಿಯವ್ರು ಹೇಳಿದ್ರ? ನಿಮಗೇನ್ರಿ, ನಿಮ್ಮ ವೀಸಾ ಕಂಪನೀದು. ಹೋಗಾಕಿ ನಾನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಆ ಎರಡು ದಿನ ಹೆಗಲು ಮುಟ್ಟಿ ನೋಡಿಕೊಂಡದ್ದೇ ಬಂತು. ಲಿಫ್ಟಿನಲ್ಲಿ ಯಾರಾದರೂ ನಕ್ಕರೂ ಭಯ, ನಗದಿದ್ದರೂ ಭಯ. ಹೊರಗಿನ ಚಪ್ಪಲಿಯನ್ನು ದಿನಕ್ಕೆ ನಾಲ್ಕು ಸಲ ಎಣಿಸಿದೆ. ನರ್ಸು ಹುಡುಗಿಯ ಬಿಳಿ ಸ್ಯಾಂಡಲನ್ನು ನಾನೇ ಎತ್ತಿ ಒಳಗಿಟ್ಟೆ. ಅವಳು ಬಂದು, "ಅಯ್ಯೋ, ಕಸ ತುಳಿದು ಬಂದದ್ದು ಒಳಗ್ಯಾಕೆ ಇಟ್ರಿ?" ಎಂದು ಮತ್ತೆ ಹೊರಗಿಟ್ಟಳು. ಕಾಗದದ ವಿಷಯ ಅವಳಿಗೆ ಹೇಳಿದ್ದೆವು. ಅವಳು ಅದನ್ನು ತಮಾಷೆ ಮಾಡಿಕೊಂಡು ತಿರುಗುತ್ತಿದ್ದಳು. "ನನ್ನನ್ನು ನಿಮ್ಮ ತಂಗಿ ಅಂತ ಹೇಳಿ. ನಿಮ್ಮ ಕನ್ನಡ ಬೇರೆ, ನನ್ನ ಕನ್ನಡ ಬೇರೆ ಅಂತ ಅವರಿಗೆಲ್ಲಿ ಗೊತ್ತಾಗ್ತದೆ," ಎನ್ನುತ್ತಿದ್ದಳು.

ಸೋಮವಾರ ಮಧ್ಯಾಹ್ನ ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು. ನಾನು ಮಗಳನ್ನು ಟಿವಿ ನೋಡಲು ಕಳಿಸಿ ಬಾಗಿಲಲ್ಲಿ ನಿಂತೆ. ಹೇಗೆ ಹೇಳಬೇಕೆಂದು ಬೆಳಿಗ್ಗೆಯಿಂದ ಉರು ಹೊಡೆದಿದ್ದೆಲ್ಲ ಮರೆತುಹೋಯಿತು.

"ತಂಗೀ, ನೀ ಬ್ಯಾರೆ ಕಡೆ ಕೋಲಿ ನೋಡ್ಕೋಬೇಕಾಗ್ತೈತಿ. ಬುಧವಾರದೊಳಗ."

ಬಾಚಣಿಗೆಯ ಹಲ್ಲಿಗೆ ಸಿಕ್ಕಿದ್ದ ಕೂದಲನ್ನು ಅವಳು ಬಿಡಿಸುತ್ತಿದ್ದಳು. ಅದನ್ನು ಪೂರ್ತಿ ಬಿಡಿಸಿ, ಸುತ್ತಿ, ಕಸದ ಡಬ್ಬಿಗೆ ಹಾಕಿದಳು. ಆಮೇಲೆ, "ಬುಧವಾರದ ಒಳಗೆ ಅಂದ್ರೆ ನಾಳೆ," ಎಂದಳು.

"ಹೌದು."

"ಆಯ್ತು ಅಕ್ಕ. ದೇರಾದಲ್ಲಿ ನನ್ನ ಜೊತೆಯವಳ ರೂಮಲ್ಲಿ ಒಂದು ಬೆಡ್ ಖಾಲಿ ಉಂಟಂತೆ." ಬಾಚಣಿಗೆಯನ್ನು ಕನ್ನಡಿಯ ಮುಂದಿಟ್ಟು ಕೇಳಿದಳು: "ಅವರು ನೋಡಿ ಹೋದ ಮೇಲೆ ವಾಪಸ್ ಬರಬಹುದಾ?"

"ನೋಡೂಣು," ಎಂದೆ.

ನಮ್ಮಂಥವರ ಬಾಯಲ್ಲಿ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಸೀರೆ ಬೇಡವಾದರೂ ಹೀಗೇ ಹೇಳುತ್ತೇವೆ, ಮಗಳಿಗೆ ಸೈಕಲ್ ಕೊಡಿಸುವುದಿಲ್ಲವೆಂದರೂ ಹೀಗೇ ಹೇಳುತ್ತೇವೆ. ಅವಳಿಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಎರಡು ಸೂಟ್‌ಕೇಸು, ಒಂದು ಕುಕ್ಕರು, ತನ್ನ ಮೀನಿನ ಪಾತ್ರೆ ತೆಗೆದುಕೊಂಡು ಟ್ಯಾಕ್ಸಿ ಹತ್ತಿದಳು. ನನ್ನ ಗಂಡ ಸಾಮಾನು ಕೆಳಗಿಳಿಸಿಕೊಟ್ಟು ಮೇಲೆ ಬಂದವರು ಚಹಾ ಕುಡಿಯದೆಯೇ ಕೆಲಸಕ್ಕೆ ಹೋದರು. ಮಗಳು ಸ್ಕೂಲಿಂದ ಬಂದು ಖಾಲಿ ಕೋಣೆ ನೋಡಿ, "ವೇರ್ ಈಸ್ ಆಂಟಿ?" ಎಂದಳು. ಬರ್ತಾಳ, ಊಟ ಮಾಡು ಎಂದೆ.

ಬುಧವಾರಕ್ಕೆ ನನ್ನ ಸಿದ್ಧತೆ ಜೋರಾಗಿತ್ತು. ಖಾಲಿ ಕೋಣೆಗೆ ಮಗಳ ಗೊಂಬೆ, ಪುಸ್ತಕ, ಗುಲಾಬಿ ಬಣ್ಣದ ಹೊಸ ಚಾದರ. ಬಾಗಿಲ ಹೊರಗೆ ಮೂರೇ ಜೊತೆ: ಗಂಡನದು, ನನ್ನದು, ನಡುವೆ ಮಗಳದು. ಗೋಡೆಗೆ ಸಮನಾಗಿ, ಫೋಟೋಕ್ಕೆ ನಿಂತ ಹಾಗೆ ಜೋಡಿಸಿದೆ. ಮಗಳಿಗೆ, ಈ ಕೋಣೆ ಯಾರದು ಎಂದರೆ ನನ್ನದು ಎನ್ನಬೇಕು ಎಂದು ಹೇಳಿಕೊಟ್ಟೆ. "ಬಟ್ ಇಟ್ಸ್ ಆಂಟೀಸ್," ಎಂದಳು. ಕಣ್ಣು ಬಿಟ್ಟೆ. ಅಳುತ್ತಾ ಹೋಗಿ ಅಪ್ಪನ ತೊಡೆಯ ಮೇಲೆ ಕೂತಳು.

ಸಂಜೆ ಐದರ ಹೊತ್ತಿಗೆ ಕಚೇರಿಯವರು ಬಂದರು. ಸೂಡಾನಿನ ಒಬ್ಬ ವಯಸ್ಸಾದ ಮನುಷ್ಯ, ಎತ್ತರ, ಬಿಳಿಯ ಪೇಟ, ಕೈಯಲ್ಲಿ ಒಂದು ಫೈಲು. ಬಾಗಿಲಲ್ಲಿ ನಿಂತು ಕೆಳಗೆ ನೋಡಿದರು, ನಕ್ಕರು, ತಮ್ಮ ಬೂಟು ಬಿಚ್ಚಿ ನಮ್ಮ ಮೂರು ಜೊತೆಯ ಪಕ್ಕದಲ್ಲೇ ಇಟ್ಟು ಒಳಗೆ ಬಂದರು. ಸೋಫಾದ ಪ್ಲಾಸ್ಟಿಕ್ಕಿನ ಮೇಲೆ ಕೂತು, ಇಲ್ಲಿ ಎಲ್ಲರೂ ಮಾತಾಡುವ ಆ ಅರೆ ಹಿಂದಿಯಲ್ಲಿ, "ಶುಕ್ರವಾರ ಬಹಳ ಚಪ್ಪಲಿ ಇತ್ತಂತೆ. ಇವತ್ತು ಮೂರೇ?" ಎಂದು ಕೇಳಿದರು.

ನನ್ನ ಗಂಡ ಊಟದ ವಿಷಯ ವಿವರಿಸಲು ಹೊರಟರು. ಆ ಮನುಷ್ಯ ಕೈ ಎತ್ತಿ ತಡೆದರು. ತಾನು ಈ ಊರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು, ತನಗೆ ಇದನ್ನೆಲ್ಲ ಹೇಳಬೇಕಿಲ್ಲ ಎಂದರು. "ನಾನು ಯಜಮಾನರಿಗೆ ಅವತ್ತೇ ಹೇಳಿದೆ. ಒಂದು ಕೋಣೆಯಲ್ಲಿ ಹತ್ತು ಜನ ಮಲಗುವವರು ಯಾರೂ ಚಪ್ಪಲಿ ಹೊರಗೆ ಬಿಡುವುದಿಲ್ಲ. ಕಳೆದುಹೋದರೆ? ಅವರವರ ಮಂಚದ ಕೆಳಗೆ ಇಟ್ಟುಕೊಳ್ಳುತ್ತಾರೆ. ಹೊರಗೆ ಅಷ್ಟು ಚಪ್ಪಲಿ ಇದೆ ಎಂದರೆ ಒಳಗೆ ಅತಿಥಿಗಳು ಊಟ ಮಾಡುತ್ತಿದ್ದಾರೆ ಎಂದರ್ಥ. ಅವರು ಒಪ್ಪಿದರು. ಆದರೆ ಕಾಗದ ಹೊರಟುಬಿಟ್ಟಿತ್ತು, ನಾನು ಬರಲೇಬೇಕಾಯಿತು. ಖಲಾಸ್."

ನನಗೆ ನಗು ಬಂತು. ಅಡುಗೆಮನೆಗೆ ಓಡಿ ಚಹಾ, ಚಕ್ಕುಲಿ, ಉಳಿದಿದ್ದ ಶೇಂಗಾ ಉಂಡೆ ತಂದಿಟ್ಟೆ. ಅವರು ಉಂಡೆಯನ್ನು ಮುರಿದು ಒಂದು ಬದಿಯ ಹಲ್ಲಿನಲ್ಲಿ ಮಾತ್ರ ಜಾಗ್ರತೆಯಿಂದ ತಿನ್ನುತ್ತ ಕೇಳಿದರು: "ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ಸಿಸ್ಟರ್ ಎಲ್ಲಿ? ಡ್ಯೂಟಿಗೆ ಹೋದರಾ?"

ನಾನು ಅವರ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದೆ.

"ಹೋದ ತಿಂಗಳು ನನ್ನ ಹಲ್ಲು ಕಿತ್ತರು. ಸೂಜಿ ಎಂದರೆ ನನಗೆ ಭಯ. ಆ ಹುಡುಗಿ ಕೈ ಹಿಡಿದುಕೊಂಡು ಏನೇನೋ ಕಥೆ ಹೇಳಿತು. ಎಲ್ಲಿ ಮನೆ ಎಂದು ಕೇಳಿದರೆ ನಮ್ಮ ಕಟ್ಟಡದ ಹೆಸರನ್ನೇ ಹೇಳಿತು, ಅಕ್ಕನ ಮನೆ ಎಂದಿತು." ಅವರು ಫೈಲು ತೆರೆದು ನಮ್ಮ ಕಡೆ ತಿರುಗಿಸಿದರು. ಎಷ್ಟು ಜನ ಎನ್ನುವ ಚೌಕದಲ್ಲಿ ಪೆನ್ನಿನಿಂದ ಆಗಲೇ ನಾಲ್ಕು ಎಂದು ಬರೆದಿತ್ತು. "ಗಂಡ, ಹೆಂಡತಿ, ಮಗು, ತಂಗಿ. ಇದು ಸಂಸಾರವಲ್ಲದೆ ಮತ್ತೇನು? ನಾನು ಬೆಳಿಗ್ಗೆಯೇ ಬರೆದುಕೊಂಡು ಬಂದೆ. ಅವರಿಗೆ ನನ್ನ ಸಲಾಂ ಹೇಳಿ."

ಏನಾದರೂ ಹೇಳಬೇಕಿತ್ತು. ಇವರು ಗೋಡೆ ನೋಡುತ್ತ ಕೂತರು. ನಾನೇ ಹೇಳಿದೆ.

"ಆಕೆ ಇಲ್ಲ. ನಿನ್ನೆ ಬೇರೆ ಕಡೆ ಹೋದಳು."

ಆ ಮನುಷ್ಯ ನನ್ನನ್ನು ನೋಡಿದರು, ಗುಲಾಬಿ ಚಾದರದ ಕೋಣೆಯ ಕಡೆ ನೋಡಿದರು. ಪೆನ್ನು ತೆಗೆದು ನಾಲ್ಕನ್ನು ಹೊಡೆದುಹಾಕಿ ಪಕ್ಕದಲ್ಲಿ ಮೂರು ಎಂದು ಬರೆದು, ಚಹಾ ಪೂರ್ತಿ ಕುಡಿದು, ಎದ್ದು ಹೋದರು.

ಅವತ್ತೇ ಹೋಗಿ ಅವಳನ್ನು ಕರೆದುಕೊಂಡು ಬಂದೆ ಎಂದು ಬರೆಯಬಹುದಿತ್ತು. ಎರಡು ಬೀದಿ ಆಚೆಗೆ ಕ್ಲಿನಿಕ್ಕು, ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಮೊದಲು ಕರಾರು ಕೈಗೆ ಬರಲಿ ಎಂದೆ. ಕರಾರು ಬಂತು, ವೀಸಾ ಆಗಲಿ ಎಂದೆ. ಪಾಸ್‌ಪೋರ್ಟಿನಲ್ಲಿ ಮೂರು ವರ್ಷದ ಮುದ್ರೆ ಬಿದ್ದ ಮರುದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಒಳ್ಳೆಯ ಸೀರೆ ಉಟ್ಟು ಕ್ಲಿನಿಕ್ಕಿಗೆ ಹೋದೆ. ನಡುವೆ ಆರು ವಾರ ಕಳೆದಿತ್ತು. ಮಗಳು ಆ ಆರು ವಾರವೂ ಬಾಬ್ ಕಟ್ಟಿನಲ್ಲೇ ಸ್ಕೂಲಿಗೆ ಹೋದಳು. ನಾನು ಜಡೆ ಎಳೆದು ಹಾಕುತ್ತೇನೆ, ನೋಯುತ್ತದೆ ಎಂದು ಅತ್ತು ಅತ್ತು ಕೂದಲು ಕತ್ತರಿಸಿಕೊಂಡಿದ್ದಳು.

ಅವಳು ಕೌಂಟರಿನ ಹಿಂದೆ ಕೂತು ಹೆಸರು ಬರೆಯುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು, ನಿಜವಾಗಿ ಅರಳಿತು. "ಓ, ಅಕ್ಕ! ಹಲ್ಲುನೋವಾ?" ಎಂದಳು. ಮಗಳ ಬಗ್ಗೆ ಕೇಳಿದಳು, ಬಾಬ್ ಕಟ್ಟಿನ ಸುದ್ದಿ ಕೇಳಿ ಬಾಯಿ ಮುಚ್ಚಿಕೊಂಡು ನಕ್ಕಳು. ದೇರಾದ ಕೋಣೆಯಲ್ಲಿ ಆರು ಜನ, ಮೇಲಿನ ಮಂಚ ಇವಳದು, ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಬೇಕು. ನಡುವಿನ ನಾಲ್ಕು ತಾಸು ಮನೆಗೆ ಹೋಗಿ ಬರಲು ಆಗುವುದಿಲ್ಲವಾದ್ದರಿಂದ ಅಲ್ಲೇ ಬೆಂಚಿನ ಮೇಲೆ ಮಲಗುತ್ತಿದ್ದಳಂತೆ. ಇದನ್ನೂ ನಗುತ್ತಲೇ ಹೇಳಿದಳು.

"ನೀ ವಾಪಸ್ ಬಾ," ಎಂದೆ. "ಎಲ್ಲಾ ಸರಿ ಆಗೈತಿ. ಕರಾರಾತು, ವೀಸಾನೂ ಆತು. ಆ ಮುದುಕಪ್ಪ ನಿನ್ನ ನಮ್ಮನಿ ಮಂದಿ ಅಂತ ಮೊದಲ ಬರ್ಕೊಂಡು ಬಂದಿದ್ದ."

ಅವಳಿಗೆ ಗೊತ್ತಿತ್ತು. ಉಳಿದ ಹಲ್ಲು ತೋರಿಸಲು ಬಂದಾಗ ಅವರೇ ಹೇಳಿದ್ದರಂತೆ. ಇಷ್ಟು ದಿನ ಗೊತ್ತಿದ್ದೂ ಅವಳು ಫೋನು ಮಾಡಿರಲಿಲ್ಲ, ಬಂದು ಕೇಳಿರಲಿಲ್ಲ.

ಪೆನ್ನಿನ ಮುಚ್ಚಳ ಹಾಕುತ್ತ, ತೆಗೆಯುತ್ತ ಅವಳು ಹೇಳಿದಳು: "ಬರ್ತೇನೆ ಅಕ್ಕ. ನಂಗೂ ಆಸೆ ಉಂಟು. ಒಂದು ಮಾತ್ರ ಹೇಳಿ. ಇನ್ನೊಂದು ಸಲ ಅಂಥ ಕಾಗದ ಬಂದ್ರೆ ಎಂತ ಮಾಡ್ತೀರಿ?"

ಕಾಯುತ್ತಿದ್ದ ರೋಗಿಗಳು ಇಬ್ಬರು. ಒಳಗೆ ಡ್ರಿಲ್ಲು ಗುಂಯ್ಗುಟ್ಟುತ್ತಿತ್ತು. ಬಾಯಿ ತುಂಬ, "ಬರ್ಲಿ ಬಿಡು, ನೋಡ್ಕೋತೀನಿ," ಎನ್ನಬೇಕೆಂದೇ ಬಂದವಳು ನಾನು. ಜೀವನದಲ್ಲಿ ಯಾವ ಮಾತಿಗೂ ತಡವರಿಸಿದವಳಲ್ಲ. ಮಗಳನ್ನು ಕರೆದುಕೊಂಡು ವಿಮಾನ ಹತ್ತುವುದು, ಇವರು ಗಾಜಿನಾಚೆ ನಿಂತು ಕೈ ಬೀಸುವುದು ಕಣ್ಣಿಗೆ ಕಟ್ಟಿತು. ಮಾತು ಹೊರಡಲಿಲ್ಲ.

ಅವಳು ಕೌಂಟರಿನ ಮೇಲೆ ಇದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು, ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ ಇಡುವ ಹಾಗೆಯೇ ಇದ್ದಿರಬೇಕು.

"ಬೇಜಾರು ಮಾಡ್ಬೇಡಿ ಅಕ್ಕ. ನಿಮ್ಮ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ."

ಮುಂದಿನ ರೋಗಿಯ ಹೆಸರು ಕೂಗಿ ಅವಳು ಒಳಗೆ ಹೋದಳು. ನಾನು ಬಿಸಿಲಲ್ಲಿ ಎರಡು ಬೀದಿ ನಡೆದು ಮನೆಗೆ ಬಂದೆ. ಆ ಮನೆಯಲ್ಲಿ ನಾವು ಇನ್ನೂ ಒಂಬತ್ತು ವರ್ಷ ಇದ್ದೆವು, ಮೂವರೂ ಒಟ್ಟಿಗೆ, ನಾನು ಬೇಡಿಕೊಂಡ ಹಾಗೆಯೇ. ಅವಳು ನನಗೆ ಹೇಳಿದ ಸುಳ್ಳು ಅದೊಂದೇ. ನನ್ನ ಜಾಗದಲ್ಲಿ ಅವಳಿದ್ದರೆ ಹಾಗೆ ಮಾಡುತ್ತಿರಲಿಲ್ಲ.